ಬಾಣಂತಿಯ ಮನೋರಕ್ಷಣೆ



ಉತ್ಸವದ ದಿನಗಳಲ್ಲಿ ಆಡತಕ್ಕ ಮಾತು ಮಂಗಳವಾದುದಾಗಿರಬೇಕೆಂಬುದು ರೂಢಿ. ಮಗು ಹುಟ್ಟಿದ ಮನೆಯ ಸುದ್ದಿಗಿಂತ ಮಂಗಳವಾದ ಸುದ್ದಿ ಲೋಕದಲ್ಲಿ ಬೇರೊಂದಿಲ್ಲವೆಂಬುದನ್ನೂ ಎಲ್ಲರೂ ಒಪ್ಪುವರು. ಆದರೆ ಅದೇ ಮನೆಯ ಒಳಕೋಣೆಯಲ್ಲಿ, ತೊಟ್ಟಿಲಿನ ಮಗ್ಗುಲಲ್ಲಿ, ಹೊರಗಿನ ಸಂಭ್ರಮವು ತನಗೆ ಸೇರಿದುದಲ್ಲವೆಂಬಂತೆ ಗೋಡೆಯ ಕಡೆಗೆ ಮುಖಮಾಡಿ ಮಲಗಿರುವ ತಾಯಿಯೊಬ್ಬಳು ಇರಬಹುದೆಂಬುದು ಬಹುಮಂದಿಗೆ ತೋರುವುದೇ ಇಲ್ಲ. ಆಕೆಯ ಮೈಗೆ ಎಣ್ಣೆ ತಿಕ್ಕುವವರುಂಟು, ಬಿಸಿನೀರು ಎರೆಯುವವರುಂಟು, ಶುಂಠಿ ಮೆಣಸು ಕುಟ್ಟಿ ಮದ್ದು ಕಲಸುವವರುಂಟು. ಹಾಲು ಸಾಕಾಯಿತೆ ಎಂದು ದಿನಕ್ಕೆ ಹತ್ತು ಸಲ ಕೇಳುವವರುಂಟು. ಮನಸ್ಸು ಹೇಗಿದೆಯೆಂದು ಕೇಳುವವರು ಮಾತ್ರ ವಿರಳ. ಕೇಳದೆ ಉಳಿದ ಆ ಪ್ರಶ್ನೆಯೇ ಈ ಉಪನ್ಯಾಸದ ವಿಷಯವಾಗಿದೆ.

ಶರಣಧರ್ಮವು ಹೆರಿಗೆಯ ವಿಷಯದಲ್ಲಿ ಲೋಕರೂಢಿಯನ್ನು ದಾಟಿ ನಡೆದ ಧರ್ಮವೆಂಬುದನ್ನು ಈ ಸಭೆಯಲ್ಲಿ ವಿಸ್ತರಿಸಬೇಕಾದುದಿಲ್ಲ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟಗಳೆಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಇವುಗಳಲ್ಲಿ ಎರಡು, ಎಂದರೆ ಜನನಸೂತಕವೂ ರಜಸ್ಸೂತಕವೂ, ನೇರವಾಗಿ ಸ್ತ್ರೀಶರೀರದ ಮೇಲೆಯೇ ಹೊರಿಸಲ್ಪಟ್ಟಿದ್ದ ಹೊರೆಗಳು. ಹೆತ್ತವಳು ಮೈಲಿಗೆಯವಳಲ್ಲ, ಮುಟ್ಟಾದವಳು ಹೊರಗಿನವಳಲ್ಲ ಎಂದು ಸಾರಿದುದು ಸಾಮಾನ್ಯ ಸಾಹಸವಲ್ಲ. ಗರ್ಭದ ಎಂಟನೆಯ ತಿಂಗಳಲ್ಲಿ ತಾಯಿಯ ಮೂಲಕವಾಗಿ ಶಿಶುವಿಗೆ ಲಿಂಗಸಂಸ್ಕಾರವನ್ನು ಮಾಡುವ ಸಂಪ್ರದಾಯವೂ ಇದೇ ಭಾವದಿಂದ ಹುಟ್ಟಿದುದು. ಆದರೂ ದೇಹದ ಸೂತಕವು ತೊಲಗಿದ ಮನೆಗಳಲ್ಲಿಯೂ ಮನಸ್ಸಿನ ಸೂತಕವೊಂದು ಅಡಗಿಕೊಂಡು ಉಳಿದಿದೆ. ಬಾಣಂತಿಗೆ ಜ್ವರ ಬಂದರೆ ನೆರೆಹೊರೆಗೆಲ್ಲ ಹೇಳಬಹುದು, ವೈದ್ಯನನ್ನು ಕರೆಸಬಹುದು. ಬಾಣಂತಿಗೆ ಅಳು ನಿಲ್ಲದೆ ಹೋದರೆ, ಮಗುವನ್ನು ನೋಡಲು ಮನಸ್ಸಿಲ್ಲವೆಂದು ಆಕೆ ಹೇಳಿದರೆ, ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಮಾತು ಬೀಗರ ಕಿವಿಗೆ ಬೀಳಬಾರದು; ಆಕೆಯ ತಂಗಿಯ ಲಗ್ನಕ್ಕೆ ಅಡ್ಡಿಯಾಗಬಾರದು. ಇದು ಸೂತಕವಲ್ಲದೆ ಮತ್ತೇನು?

ಉದಾಹರಣೆಗಾಗಿ ಸಮುದ್ರವನ್ನು ದಾಟಿ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಪಡುವಣ ಕರೆಯಲ್ಲಿ, ನೇತ್ರಾವತಿಯ ದಡದ ಮೇಲೆ, ಮಂಗಳೂರಿಗೂ ಬಂಟ್ವಾಳಕ್ಕೂ ನಡುವೆ ಫರಂಗಿಪೇಟೆ ಎಂಬ ಊರಿದೆ. ಹಿಂದೆ ಫರಂಗಿಯವರು ನೆಲಸಿದ್ದುದರಿಂದ ಬಂದ ಹೆಸರು. ಅಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ, ನಾಲ್ಕು ನುಡಿಗಳೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯ ಹಳ್ಳಿಮನೆಗಳಲ್ಲಿ ಹೆಂಗಸರು ಜಗಲಿಯ ಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವುದು ಬಹುಕಾಲದ ಕಸುಬು. ಸಾವಿರಕ್ಕಿಷ್ಟೆಂದು ಕೂಲಿ ಬರುವ ಕೆಲಸವಾದುದರಿಂದ ಬಸುರಿಯ ಬೆರಳಿಗೂ ಅಲ್ಲಿ ಸುಲಭವಾಗಿ ಬಿಡುವಿಲ್ಲ. ಅನೇಕ ಮನೆಗಳ ಗಂಡಸರು ದುಡಿಮೆಗಾಗಿ ಕೊಲ್ಲಿಯ ದೇಶಗಳಲ್ಲಿರುವರು. ಮಗು ಹುಟ್ಟಿದ ದಿನ ತಂದೆಯು ಅದರ ಮುಖವನ್ನು ಫೋನಿನ ಗಾಜಿನಲ್ಲಿ ನೋಡುತ್ತಾನೆ. ವೈದ್ಯಸೌಕರ್ಯಕ್ಕೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಮಂಗಳೂರಿನಲ್ಲಿ ಸರಕಾರದ ವೆನ್ಲಾಕ್ ಆಸ್ಪತ್ರೆಯೂ ಹೆಂಗಸರಿಗಾಗಿಯೇ ಇರುವ ಲೇಡಿ ಗೋಶನ್ ಆಸ್ಪತ್ರೆಯೂ ಇವೆ. ಫರಂಗಿಪೇಟೆಯ ಪಕ್ಕದ ತುಂಬೆಯಲ್ಲಿ ಫಾದರ್ ಮುಲ್ಲರ್ ಸಂಸ್ಥೆಯ ಆಸ್ಪತ್ರೆಯಿದೆ. ಹೆರಿಗೆಗಳೆಲ್ಲ ಬಹುಮಟ್ಟಿಗೆ ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಹೀಗಿದ್ದೂ ಮೇಲೆ ಹೇಳಿದ ಪ್ರಶ್ನೆಯು ಅಲ್ಲಿಯೂ ಕೇಳಲ್ಪಡದೆ ಉಳಿಯುವುದಾದರೆ, ವೈದ್ಯನು ಹತ್ತು ಹರದಾರಿ ದೂರದಲ್ಲಿರುವ ಬಯಲುಸೀಮೆಯ ಹಳ್ಳಿಗಳ ಮಾತೇನು?

ತುಳುನಾಡಿನಲ್ಲಿ ಬಸುರಿಗೆ ಮಾಡುವ ಶುಭಕಾರ್ಯಕ್ಕೆ ಬಯಕೆ ಎಂದೇ ಹೆಸರು. ಆ ಹೆಸರಿನಲ್ಲಿಯೇ ಒಂದು ಹಳೆಯ ತಿಳಿವಳಿಕೆ ಅಡಗಿದೆ. ಗರ್ಭದಲ್ಲಿ ಶಿಶುವಿನ ಹೃದಯವು ವ್ಯಕ್ತವಾದ ಬಳಿಕ ತಾಯಿಯು ಎರಡು ಹೃದಯಗಳುಳ್ಳವಳಾಗುತ್ತಾಳೆಂತಲೂ, ಆಕೆಯ ಆಶೆಗಳನ್ನು ಕಡೆಗಣಿಸಿದರೆ ಕೇಡುಂಟಾಗುವುದೆಂತಲೂ ಸುಶ್ರುತನು ಹೇಳುತ್ತಾನೆ. ಗರ್ಭವನ್ನು ನಿಲ್ಲಿಸತಕ್ಕ ಸಾಧನಗಳಲ್ಲಿ ಮನಸ್ಸಿನ ಪ್ರಸನ್ನತೆಯೇ ಶ್ರೇಷ್ಠವಾದುದೆಂಬುದು ಚರಕನ ಮತ. ಪ್ರಾಚೀನರ ಶರೀರಶಾಸ್ತ್ರದಲ್ಲಿ ಈಗ ನಿಲ್ಲಲಾರದ ಮಾತುಗಳು ಎಷ್ಟೋ ಇವೆ. ಆದರೆ ಬಸುರಿಯ ಮನಸ್ಸು ವೈದ್ಯನ ಗಮನಕ್ಕೆ ಬರತಕ್ಕ ವಿಷಯವೆಂದು ಅವರು ಎಣಿಸಿದ್ದರೆಂಬುದು ನಿರ್ವಿವಾದ. ವಿಚಿತ್ರವೇನೆಂದರೆ, ಬಯಕೆಯ ಊಟದವರೆಗೆ ಮನೆಯವರೆಲ್ಲರಿಗೂ ಇರುವ ಈ ಎಚ್ಚರವು ಹೆರಿಗೆಯಾದ ಮರುದಿನವೇ ತಾಯಿಯನ್ನು ಬಿಟ್ಟು ತೊಟ್ಟಿಲಿಗೆ ಹೊರಟುಹೋಗುತ್ತದೆ. ಆಕೆಗೆ ಅದು ಹೆಚ್ಚಾಗಿ ಬೇಕಾಗಿರುವುದೂ ಆ ಮರುದಿನದಿಂದಲೇ.

ಅದಕ್ಕೆ ಕಾರಣವನ್ನು ಈಗಿನ ವೈದ್ಯವಿಜ್ಞಾನವು ಹೀಗೆ ವಿವರಿಸುತ್ತದೆ. ಗರ್ಭಕಾಲದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎಂಬ ಸ್ತ್ರೀಹಾರ್ಮೋನುಗಳು ರಕ್ತದಲ್ಲಿ ತಿಂಗಳಿಂದ ತಿಂಗಳಿಗೆ ಏರುತ್ತಾ ಸಹಜಪ್ರಮಾಣದ ಎಷ್ಟೋ ಪಾಲು ಹೆಚ್ಚಾಗುತ್ತವೆ. ಇವುಗಳನ್ನು ಮುಖ್ಯವಾಗಿ ಉತ್ಪಾದಿಸುವುದು ಮಾಸು. ಹೆರಿಗೆಯಾಗಿ ಮಾಸು ಹೊರಬಿದ್ದ ಕೂಡಲೇ ಆ ಬುಗ್ಗೆ ಬತ್ತುತ್ತದೆ. ಒಂಬತ್ತು ತಿಂಗಳು ಹತ್ತಿದ ಬೆಟ್ಟವನ್ನು ರಕ್ತವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಈ ರಸಗಳು ಗರ್ಭಾಶಯಕ್ಕೆ ಮಾತ್ರ ಸಂಬಂಧಿಸಿದವಲ್ಲ, ಮೆದುಳಿನ ಮೇಲೆಯೂ ಪ್ರಭಾವ ಬೀರತಕ್ಕವು. ಪ್ರೊಜೆಸ್ಟರೋನಿನಿಂದ ಹುಟ್ಟುವ ಒಂದು ದ್ರವ್ಯವು ಮೆದುಳನ್ನು ಶಾಂತವಾಗಿಡುವ ವ್ಯವಸ್ಥೆಗೆ ನೆರವಾಗುತ್ತದೆಂಬುದನ್ನು ಕಂಡುಕೊಂಡು, ಅದನ್ನು ಹೋಲುವ ಔಷಧಗಳನ್ನು ಅಮೆರಿಕದಲ್ಲಿ ಪ್ರಸವಾನಂತರದ ಖಿನ್ನತೆಗಾಗಿ ಮಾನ್ಯಮಾಡಿರುವರು. ೨೦೧೯ರಲ್ಲಿ ರಕ್ತನಾಳದ ಮೂಲಕ ಕೊಡುವಂಥದು, ೨೦೨೩ರಲ್ಲಿ ಬಾಯಿಯಿಂದ ನುಂಗುವಂಥದು. ಇದರ ಜೊತೆಗೆ ಕೆಲವರಲ್ಲಿ ಹೆರಿಗೆಯ ಬಳಿಕ ಥೈರಾಯ್ಡ್ ಗ್ರಂಥಿಯು ಕೆಡುವುದುಂಟು, ರಕ್ತಹೀನತೆಯಂತೂ ಕರ್ನಾಟಕದ ಗರ್ಭಿಣಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗಿದೆ, ರಾತ್ರಿ ನಿದ್ರೆಯಿಲ್ಲ. ಹಾಗೆಂದು ಎಲ್ಲವನ್ನೂ ಹಾರ್ಮೋನುಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಆ ಇಳಿತವು ಹೆತ್ತವರೆಲ್ಲರಿಗೂ ಆಗುತ್ತದೆ, ಕಾಯಿಲೆ ಎಲ್ಲರಿಗೂ ಆಗುವುದಿಲ್ಲ. ಇಳಿಯುವವಳ ಕೈಹಿಡಿಯಲು ಯಾರಿದ್ದರು, ತಳ್ಳಲು ಯಾರಿದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹೆತ್ತವಳ ಮನಸ್ಸಿನ ಕಷ್ಟಗಳೆಲ್ಲ ಒಂದೇ ಬಗೆಯವಲ್ಲ. ಹೆರಿಗೆಯ ಎರಡನೆಯ ಮೂರನೆಯ ದಿನದಿಂದ ಕಾರಣವಿಲ್ಲದೆ ಅಳು, ಸಿಡುಕು, ದಿಗಿಲು ತೋರುವುದು ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಹಜ. ಅದು ಹತ್ತು ಹದಿನಾಲ್ಕು ದಿನಗಳಲ್ಲಿ ತಾನಾಗಿಯೇ ಕಳೆಯುತ್ತದೆ. ಅದಕ್ಕೆ ಬೇಕಾದ ಔಷಧ ನಿದ್ರೆ, ಮತ್ತು ಗದರಿಸದೆ ಇರುವ ಜನ. ಎರಡು ವಾರಗಳಾದರೂ ಅದು ಕಳೆಯದೆ, ಯಾವುದರಲ್ಲಿಯೂ ರುಚಿಯಿಲ್ಲದೆ, ಮಗು ಮಲಗಿದ್ದರೂ ತನಗೆ ನಿದ್ರೆ ಬಾರದೆ, ತಾನು ಕೆಟ್ಟ ತಾಯಿಯೆಂಬ ಭಾವವು ಬೇರುಬಿಟ್ಟು, ಬದುಕಿ ಫಲವೇನೆಂಬ ಯೋಚನೆಯು ಹುಟ್ಟಿದರೆ ಅದು ಖಿನ್ನತೆಯೆಂಬ ರೋಗ. ಅದು ಬಸುರಿನಲ್ಲಿಯೇ ಮೊದಲಾಗಿರುವುದೂ ಉಂಟು. ಭಾರತದಲ್ಲಿ ನಡೆದ ೩೮ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಲೆಕ್ಕ ಹಾಕಿದಾಗ ಹೆತ್ತವರಲ್ಲಿ ನೂರಕ್ಕೆ ೨೨ ಮಂದಿಗೆ ಈ ಖಿನ್ನತೆಯಿರುವುದು ಕಂಡುಬಂತು. ಎಂದರೆ, ಐದು ತೊಟ್ಟಿಲುಗಳು ತೂಗುವ ಓಣಿಯಲ್ಲಿ ಒಬ್ಬಳು.

ಮೂರನೆಯದನ್ನು ಕನ್ನಡ ಜನರು ಹಿಂದಿನಿಂದ ಬಲ್ಲರು. ಅದಕ್ಕೆ ಬಾಣಂತಿ ಸನ್ನಿಯೆಂಬ ಹೆಸರನ್ನೂ ಇಟ್ಟಿರುವರು. ಈ ಹೆಸರಿನ ವಿಷಯದಲ್ಲಿ ಸ್ವಲ್ಪ ನಿಂತು ವಿಚಾರಮಾಡುವುದು ಒಳ್ಳೆಯದು, ಏಕೆಂದರೆ ಅದರೊಳಗೆ ಬೇರೆಬೇರೆ ಕಾಯಿಲೆಗಳು ಒಂದೇ ಕಂಬಳಿಯನ್ನು ಹೊದ್ದು ಮಲಗಿವೆ. ಹಿಂದಿನ ಕಾಲದಲ್ಲಿ ಬಾಣಂತಿಯರನ್ನು ಹೆಚ್ಚಾಗಿ ಕೊಂದ ಸನ್ನಿಯು ನಂಜಿನ ಜ್ವರದಿಂದ ಬರುತ್ತಿದ್ದುದು. ೧೮೪೭ರಲ್ಲಿ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವವರು ಮದ್ದಿನ ನೀರಿನಲ್ಲಿ ಕೈತೊಳೆದುಕೊಳ್ಳಬೇಕೆಂದು ಕಟ್ಟುಮಾಡಿ, ಸಾವುಗಳು ಇಳಿದುದನ್ನು ತೋರಿಸಿಕೊಟ್ಟನು. ಅವನನ್ನು ನಂಬಿದವರು ಆಗ ಕಡಮೆ. ಶುಚಿತ್ವವೂ, ಮುಂದೆ ಇಪ್ಪತ್ತನೆಯ ಶತಮಾನದ ಔಷಧಗಳೂ ಬಂದ ಮೇಲೆ ಜ್ವರದ ಸನ್ನಿಯು ಬಹಳ ಮಟ್ಟಿಗೆ ತಗ್ಗಿತು. ಆಗ ಉಳಿದು ಸ್ಪಷ್ಟವಾಗಿ ಕಾಣಿಸಿಕೊಂಡುದು ಜ್ವರವಿಲ್ಲದ ಸನ್ನಿ. ಫ್ರಾನ್ಸಿನ ಮಾರ್ಸೆ ಎಂಬ ವೈದ್ಯನು ೧೮೫೮ರಲ್ಲಿಯೇ ಬಸುರಿಯರ, ಹೆತ್ತವರ ಹಾಗೂ ಮೊಲೆಯೂಡುವವರ ಚಿತ್ತವಿಕಾರಗಳನ್ನು ಕುರಿತು ಪೂರ್ಣ ಗ್ರಂಥವೊಂದನ್ನು ಬರೆದಿದ್ದನು.

ಈ ಜ್ವರವಿಲ್ಲದ ಸನ್ನಿಯು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ತೋರುವಂಥದು. ಆದರೆ ಬಂದರೆ ಬಿರುಗಾಳಿಯಂತೆ ಬರುತ್ತದೆ. ಸಾಮಾನ್ಯವಾಗಿ ಮೊದಲೆರಡು ವಾರಗಳಲ್ಲಿ, ನೆನ್ನೆಯವರೆಗೆ ನೆಟ್ಟಗಿದ್ದವಳು ಇಂದು ನಿದ್ರೆಯಿಲ್ಲದೆ ತಿರುಗಾಡುವಳು, ಸಂಬಂಧವಿಲ್ಲದ ಮಾತನಾಡುವಳು, ಯಾರೋ ಕರೆಯುವ ದನಿಯನ್ನು ಕೇಳುವಳು, ಮಗುವು ತನ್ನದಲ್ಲವೆನ್ನುವಳು ಅಥವಾ ಅದು ದೇವರ ಅವತಾರವೆನ್ನುವಳು. ಗಳಿಗೆಗೊಂದು ಬಣ್ಣ. ಒಂದು ಹೊತ್ತು ಸರಿಹೋದಳೆಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಕೆದರುತ್ತದೆ. ಹಿಂದೆ ಒಮ್ಮೆ ಇಂಥ ಕಾಯಿಲೆಯಾದವರಿಗೆ, ಉನ್ಮಾದ ಮತ್ತು ಖಿನ್ನತೆಗಳು ಸರದಿಯಾಗಿ ಬರುವ ರೋಗವುಳ್ಳವರಿಗೆ, ಇಲ್ಲವೆ ಹತ್ತಿರದ ರಕ್ತಸಂಬಂಧಿಗಳಲ್ಲಿ ಅದನ್ನು ಕಂಡವರಿಗೆ ಇದರ ಭಯ ಹೆಚ್ಚು. ತುಳುನಾಡಿನಲ್ಲಿ ಇದನ್ನು ಕಂಡವರು ಕುಲೆಯ ಕಾಟವೆನ್ನಬಹುದು, ಘಟ್ಟದ ಮೇಲಿನವರು ಗಾಳಿ ಸೋಕಿತೆನ್ನಬಹುದು. ತಾಯಿತ ಕಟ್ಟಿಸುವುದರಲ್ಲಿಯೂ ಹರಕೆ ಹೊರುವುದರಲ್ಲಿಯೂ ವಾರಗಳು ಕಳೆಯಬಹುದು. ಹರಕೆಯನ್ನು ಹೊರಬೇಡಿರೆಂದು ಯಾವ ವೈದ್ಯನೂ ಹೇಳನು. ಆದರೆ ಹರಕೆಗೆ ಅವಸರವಿಲ್ಲ, ಈ ಕಾಯಿಲೆಗೆ ಅವಸರವುಂಟು. ತಾಯಿಗೂ ಮಗುವಿಗೂ ಅಪಾಯವಾಗುವ ಸಂಭವವಿರುವುದರಿಂದ ಅವರಿಬ್ಬರನ್ನೂ ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸಂತೋಷದ ಸಂಗತಿಯೆಂದರೆ, ಹೆತ್ತವಳಿಗೆ ಬರುವ ಕಾಯಿಲೆಗಳಲ್ಲಿ ಇಷ್ಟು ಭೀಕರವಾಗಿ ಕಂಡು ಇಷ್ಟು ಚೆನ್ನಾಗಿ ವಾಸಿಯಾಗುವಂಥದು ಅಪರೂಪ. ಸಕಾಲದಲ್ಲಿ ಚಿಕಿತ್ಸೆ ದೊರೆತವರಲ್ಲಿ ಬಹುಮಂದಿ ಕೆಲವು ವಾರ, ತಿಂಗಳುಗಳಲ್ಲಿ ಗುಣಹೊಂದಿ ಮೊದಲಿನಂತೆ ಸಂಸಾರ ಮಾಡುವರು.

ಇದೇ ಕಂಬಳಿಯ ಕೆಳಗೆ ಇನ್ನೊಂದು ಕಾಯಿಲೆಯೂ ಉಂಟು. ಅದಕ್ಕೆ ಮನೆಯವರ ಪ್ರೀತಿಯೇ ಕಾರಣವಾಗುವುದೆಂಬುದು ದುಃಖದ ಮಾತು. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುವುದೆಂದೂ ಹೊಟ್ಟೆ ದೊಡ್ಡದಾಗುವುದೆಂದೂ ಎಣಿಸಿ, ದಿನಕ್ಕೆ ಒಂದೆರಡು ಲೋಟಗಳಿಗಿಂತ ಹೆಚ್ಚು ಕೊಡದಿರುವ ಪದ್ಧತಿ ಕನ್ನಡ ನಾಡಿನ ಅನೇಕ ಕಡೆಗಳಲ್ಲಿ ಇದ್ದಿತು, ಕೆಲವೆಡೆ ಇನ್ನೂ ಇದೆ. ಬಿಸಿಕೋಣೆ, ಬೆವರು, ಮೊಲೆಹಾಲು, ಇವೆಲ್ಲವೂ ನೀರನ್ನು ಕೇಳುವಾಗ ನೀರನ್ನು ತಡೆದರೆ ರಕ್ತವು ಮಂದವಾಗಿ ಮೆದುಳಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವು ಹೆಚ್ಚುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗತಜ್ಞರು ಇಂಥ ಬಾಣಂತಿಯರನ್ನು ಹೆಚ್ಚಿನ ಸಂಖ್ಯೆಯಲ್ಲಿ ಕಂಡು, ನೀರಿನ ಈ ನಿರ್ಬಂಧವನ್ನೂ ರಕ್ತಹೀನತೆಯನ್ನೂ ಕಾರಣಗಳಲ್ಲಿ ಎಣಿಸಿರುವರು. ತೀವ್ರವಾದ ತಲೆನೋವು, ಫಿಟ್ಸು, ಕೈಕಾಲಿನ ಸೋಲು, ಮಂಪರು ಇವು ತೋರಿದರೆ ಅದು ಮನಸ್ಸಿನ ಕಾಯಿಲೆಯೆಂದೂ ಗಾಳಿಯೆಂದೂ ಕಾಲಹರಣ ಮಾಡತಕ್ಕದ್ದಲ್ಲ. ಎಣ್ಣೆನೀರು, ಬೆಚ್ಚನೆಯ ಕೋಣೆ, ನಲವತ್ತು ದಿನಗಳ ವಿಶ್ರಾಂತಿ, ಹೊರಗಿನ ಕೆಲಸದಿಂದ ಬಿಡುಗಡೆ, ಇವು ಹಿರಿಯರು ಬಾಣಂತಿಗೆ ಕೊಟ್ಟ ವರಗಳು; ಅವನ್ನು ಉಳಿಸಿಕೊಳ್ಳಬೇಕು. ಕುಡಿಯುವ ನೀರನ್ನು ಕಸಿದುಕೊಳ್ಳುವುದು ಆ ವರಗಳ ಸಾಲಿಗೆ ಸೇರಿದುದಲ್ಲ.

ಖಿನ್ನತೆಯ ಬೇರುಗಳನ್ನು ಕುರಿತು ಕರಾವಳಿಯ ನೆರೆನಾಡಾದ ಗೋವೆಯಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬಹಳ ಬೆಲೆಯುಳ್ಳದು. ಆಸ್ಪತ್ರೆಗೆ ಬಂದ ಸಾಮಾನ್ಯ ಮನೆತನಗಳ ಬಸುರಿಯರನ್ನು ಹೆರಿಗೆಯ ಆರೆಂಟು ವಾರಗಳ ಬಳಿಕ ನೋಡಿದಾಗ ನೂರಕ್ಕೆ ೨೩ ಮಂದಿ ಖಿನ್ನರಾಗಿದ್ದರು. ಆರು ತಿಂಗಳಾದರೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚೇತರಿಸಿಕೊಂಡಿರಲಿಲ್ಲ. ಕಾರಣಗಳೇನೆಂದು ವಿಚಾರಿಸಿದರೆ ಬಡತನ, ಗಂಡನೊಡನೆ ವಿರಸ ಹಾಗೂ ಅವನ ಕೈಯ ಹೊಡೆತ, ಮತ್ತು ಹುಟ್ಟಿದ ಮಗು ಹೆಣ್ಣಾದುದು. ಮನೆಯಲ್ಲಿ ಮೊದಲೇ ಹೆಣ್ಣುಮಗುವಿದ್ದು ಮತ್ತೆ ಹೆಣ್ಣೇ ಆದಾಗ ಭಾರವು ಇನ್ನೂ ಹೆಚ್ಚು. ಇದರಲ್ಲಿ ಹಾರ್ಮೋನಿನ ದೋಷವೇನು? ಮಗುವಿನ ಲಿಂಗವನ್ನು ನಿರ್ಣಯಿಸುವ ಬೀಜವು ತಂದೆಯ ಕಡೆಯಿಂದ ಬರುವುದೆಂಬುದು ಈಗ ಶಾಲೆಯ ಹುಡುಗರಿಗೂ ಗೊತ್ತು. ಆದರೂ ತೊಟ್ಟಿಲನ್ನು ನೋಡಲು ಬಂದವರು ಮೋರೆ ಚಿಕ್ಕದುಮಾಡಿಕೊಂಡು, ಮುಂದಿನ ಸಲ ಗಂಡಾಗಲಿ ಎಂದು ಹರಸಿಹೋಗುವ ಮಾತು ಹಸಿಮೈಯವಳ ಎದೆಗೆ ಹೇಗೆ ನಾಟುತ್ತದೆಂಬುದನ್ನು ಆಡಿದವರು ಯೋಚಿಸುವುದಿಲ್ಲ. ಸ್ತ್ರೀಪುರುಷರಲ್ಲಿ ಭೇದವೆಣಿಸದ ಶರಣರ ಹೆಸರನ್ನು ದಿನನಿತ್ಯ ಹೇಳುವ ಮನೆಗಳೂ ಈ ಮಾತಿಗೆ ಹೊರತಾಗಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಅತ್ತೆಯರನ್ನು ದೂರುವುದು ಇಂಥ ಪ್ರಸಂಗಗಳಲ್ಲಿ ಸುಲಭದ ಹಾದಿ. ಅದು ನ್ಯಾಯವಾದುದಲ್ಲ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ ನಲವತ್ತೈದು ಐವತ್ತರ ನಡುವೆ. ಸೊಸೆಯು ಬಾಣಂತಿಯಾಗುವ ಹೊತ್ತಿಗೆ ಅತ್ತೆಯೂ ತಾಯಿಯೂ ಬಹುಮಟ್ಟಿಗೆ ಆ ಪ್ರಾಯದಲ್ಲಿಯೇ ಇರುತ್ತಾರೆ. ಅವರ ಮೈಯಲ್ಲಿಯೂ ಅದೇ ಹಾರ್ಮೋನುಗಳು ಏರಿಳಿದು ತಗ್ಗುತ್ತಿರುತ್ತವೆ. ಇದ್ದಕ್ಕಿದ್ದಂತೆ ಮೈ ಉರಿ, ರಾತ್ರಿಯ ಬೆವರು, ನಿದ್ರಾಭಂಗ, ಸಿಡಿಮಿಡಿ, ಮಂಕು ಅವರಿಗೂ ಉಂಟು. ಒಂದೇ ಅಡಿಗೆಯ ಮನೆಯಲ್ಲಿ ಇಬ್ಬರು ನಿದ್ರೆಗೆಟ್ಟ ಹೆಂಗಸರು; ಒಬ್ಬಳು ತಾಯ್ತನದ ಹೊಸ್ತಿಲನ್ನು ಒಳಕ್ಕೆ ದಾಟುತ್ತಿರುವಳು, ಇನ್ನೊಬ್ಬಳು ಹೊರಕ್ಕೆ. ಇಬ್ಬರಿಗೂ ಏನಾಗುತ್ತಿದೆಯೆಂಬುದನ್ನು ಇಬ್ಬರಿಗೂ ಯಾರೂ ತಿಳಿಸಿಲ್ಲ. ಹೊರಗಿನ ಜಗಲಿಯಲ್ಲಿ ಕುಳಿತ ಗಂಡಸರು ಇದನ್ನು ಹೆಂಗಸರ ಜಗಳವೆಂದು ತೀರ್ಪು ಕೊಟ್ಟು ಎಲೆಯಡಿಕೆಗೆ ಕೈಹಾಕುವರು. ಗಂಡನಾದವನು ರಾತ್ರಿಯಲ್ಲಿ ಮೂರು ತಾಸು ಮಗುವನ್ನು ಎತ್ತಿಕೊಂಡು ತಾಯಿ ಮಲಗುವಂತೆ ಮಾಡಿದರೆ ಅದು ಚಿಕಿತ್ಸೆಯ ಒಂದು ಭಾಗವೆಂದು ಇಂದಿನ ವೈದ್ಯರು ಹೇಳುವರು. ಅದಕ್ಕೆ ಖರ್ಚು ಏನೂ ಇಲ್ಲ.

ಇನ್ನು ಚಿಕಿತ್ಸೆಯ ಮಾತು. ಖಿನ್ನತೆಯು ಸೌಮ್ಯವಾಗಿದ್ದರೆ ತಿಳಿದವರೊಡನೆ ಮಾತುಕತೆ, ಮನೆಯವರ ನೆರವು, ನಿದ್ರೆ ಇವುಗಳಿಂದಲೇ ನೀಗಬಹುದು. ಹೆಚ್ಚಾಗಿದ್ದರೆ ಔಷಧವು ಬೇಕು. ಔಷಧ ನುಂಗಿದರೆ ಹಾಲು ವಿಷವಾಗುವುದೆಂಬ ಭೀತಿಯಿಂದ ಅನೇಕರು ಅದನ್ನು ಬಿಟ್ಟುಬಿಡುವರು. ಮೊಲೆಯೂಡುತ್ತಿರುವಾಗಲೂ ಕೊಡಬಹುದಾದ ಖಿನ್ನತೆಯ ಔಷಧಗಳಿವೆ. ಸರ್ಟ್ರಲೀನ್ ಎಂಬುದು ಅವುಗಳಲ್ಲಿ ಒಂದು, ಹಾಲಿಗೆ ಇಳಿಯುವ ಅದರ ಅಂಶ ಅತ್ಯಲ್ಪ. ಇದಕ್ಕೆ ವಿರುದ್ಧವಾಗಿ ವಾಲ್‌ಪ್ರೋಯೇಟ್ ಎಂಬ ಔಷಧವು ಗರ್ಭದ ಶಿಶುವಿಗೆ ಕೇಡುಮಾಡತಕ್ಕದ್ದಾದುದರಿಂದ ಬಸುರಾಗುವ ಪ್ರಾಯದ ಹೆಂಗಸರಿಗೆ ಅದನ್ನು ಆದಷ್ಟು ವರ್ಜಿಸುವರು. ಆದುದರಿಂದ ತಾನಾಗಿ ಮದ್ದನ್ನು ಹಿಡಿಯುವುದೂ ತಪ್ಪು, ಬಸುರಾದೆನೆಂದು ತಾನಾಗಿ ಬಿಡುವುದೂ ತಪ್ಪು.

ಕಾಯಿಲೆ ಉಲ್ಬಣಿಸಿ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದರೆ ಮಗುವಿನ ಗತಿಯೇನೆಂಬುದು ಮನೆಯವರ ಮೊದಲ ಚಿಂತೆ. ಹಿಂದೆ ತಾಯಿಯನ್ನು ಒಂದೆಡೆಗೂ ಮಗುವನ್ನು ಇನ್ನೊಂದೆಡೆಗೂ ಒಯ್ಯುತ್ತಿದ್ದರು. ಹಾಲು ಬತ್ತುತ್ತಿತ್ತು, ನಂಟೂ ಬತ್ತುತ್ತಿತ್ತು. ೧೯೪೮ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ತಾಯಿಯೊಡನೆ ಮಗುವನ್ನೂ ಸೇರಿಸಿಕೊಳ್ಳುವ ಕ್ರಮವು ಪ್ರಾರಂಭವಾಯಿತು. ಭಾರತದಲ್ಲಿ ಅಂಥ ವಿಭಾಗವು ಮೊತ್ತಮೊದಲಾಗಿ ತೆರೆದುದು ಕನ್ನಡಿಗರ ರಾಜಧಾನಿಯಲ್ಲಿಯೇ. ೨೦೦೯ರಲ್ಲಿ ನಿಮ್ಹಾನ್ಸಿನಲ್ಲಿ, ಡಾಕ್ಟರ್ ಪ್ರಭಾ ಚಂದ್ರರವರ ಮುಂದಾಳುತನದಲ್ಲಿ. ಅಲ್ಲಿ ತಾಯಿಯೂ ಮಗುವೂ ಒಟ್ಟಿಗಿರುವರು, ಮನೆಯ ಹೆಂಗಸೊಬ್ಬಳೂ ಜೊತೆಗಿರುವಳು. ಮಗುವನ್ನು ಎತ್ತಲು ಅಂಜುವವಳಿಗೆ ಎತ್ತುವುದನ್ನೂ, ಅದರೊಡನೆ ಮಾತನಾಡುವುದನ್ನೂ ಮೆಲ್ಲಮೆಲ್ಲನೆ ಕಲಿಸಿಕೊಡುವರು. ೨೦೧೭ರ ಮಾನಸಿಕ ಆರೋಗ್ಯ ಶುಶ್ರೂಷೆಯ ಕಾಯಿದೆಯು ಇದನ್ನೇ ಹಕ್ಕಾಗಿ ಮಾಡಿದೆ: ಮನೋರೋಗದ ಚಿಕಿತ್ಸೆಗಾಗಿ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದು, ಮಗುವಿಗೆ ಅಪಾಯವಿದ್ದರೆ ಮಾತ್ರ, ಅದೂ ತಾತ್ಕಾಲಿಕವಾಗಿ, ಮೇಲ್ವಿಚಾರಣೆಗೆ ಒಳಪಟ್ಟು. ಸೊಸೆಗೆ ಬುದ್ಧಿಭ್ರಮಣೆಯೆಂದು ಹೇಳಿ ಮಗುವನ್ನು ಉಳಿಸಿಕೊಂಡು ಆಕೆಯನ್ನು ತವರಿಗೆ ಅಟ್ಟುವ ಮನೆಗಳು ಇದನ್ನು ತಿಳಿದಿರುವುದು ಒಳ್ಳೆಯದು. ಆಸ್ಪತ್ರೆಗೂ ಇಲ್ಲದ ಅಧಿಕಾರವನ್ನು ಅವರು ನಡಸುತ್ತಿರುವರು.

ಆದರೆ ನೂರಕ್ಕೆ ೨೨ ಮಂದಿಯ ಕಷ್ಟವನ್ನು ತಜ್ಞರ ಕೈಯಿಂದಲೇ ನೀಗಿಸುವೆವೆಂದರೆ ಆಗದ ಮಾತು. ಅಷ್ಟು ತಜ್ಞರು ಈ ದೇಶದಲ್ಲಿ ಇಲ್ಲ. ಇದಕ್ಕೆ ದಾರಿಯೂ ಕನ್ನಡ ನಾಡಿನಲ್ಲಿಯೇ ಮೊದಲು ತೋರಿತು. ೧೯೮೫ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವುದನ್ನು ಕಲಿಸಿಕೊಟ್ಟು ಪ್ರಯೋಗ ನಡಸಿದರು. ಅದು ಬಳ್ಳಾರಿ ಮಾದರಿಯೆಂದು ಹೆಸರಾಗಿ, ೧೯೯೬ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಬಾಣಂತಿಯರ ವಿಷಯದಲ್ಲಿ ಇದಕ್ಕೆ ಸಮಾನವಾದ ಪರೀಕ್ಷೆ ನಡೆದುದು ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ. ಅಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಹೆಂಗಸರು, ಖಿನ್ನರಾದ ಬಸುರಿಯರ ಮನೆಗಳಿಗೆ ಹೋಗಿ, ಕಲಿತ ಕ್ರಮದಲ್ಲಿ ಮಾತನಾಡುತ್ತಾ ಬಂದರು. ೨೦೦೮ರಲ್ಲಿ ಪ್ರಕಟವಾದ ಫಲವು ಇಂತಿದೆ: ಹೆರಿಗೆಯಾಗಿ ಆರು ತಿಂಗಳಿಗೆ, ಈ ಮಾತುಕತೆ ದೊರೆತವರಲ್ಲಿ ನೂರಕ್ಕೆ ೨೩ ಮಂದಿ ಮಾತ್ರ ಖಿನ್ನರಾಗಿ ಉಳಿದಿದ್ದರು, ಬರಿಯ ಸಾಧಾರಣ ಭೇಟಿ ದೊರೆತವರಲ್ಲಿ ೫೩ ಮಂದಿ. ಮದ್ದಿಲ್ಲ, ಯಂತ್ರವಿಲ್ಲ. ಅಕ್ಷರ ಬಲ್ಲ ಹಳ್ಳಿಯ ಹೆಂಗಸಿನ ಮಾತು.

ಕರ್ನಾಟಕದಲ್ಲಿ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ೩, ೭, ೧೪, ೨೧, ೨೮ ಹಾಗೂ ೪೨ನೆಯ ದಿನಗಳಲ್ಲಿ, ಒಟ್ಟು ಆರು ಸಲ ಹೋಗತಕ್ಕದ್ದೆಂಬ ನಿಯಮವಿದೆ. ಮಗುವಿನ ತೂಕ, ಮೈಯ ಬಿಸಿ, ತಾಯಿಯ ಜ್ವರ, ರಕ್ತಸ್ರಾವ ಇವನ್ನು ಆಕೆ ನೋಡುವಳು. ಬಾಗಿಲು ಆಕೆಗೆ ತೆರೆದೇ ಇದೆ. ಎಡಿನ್‌ಬರೋ ನಗರದಲ್ಲಿ ೧೯೮೭ರಲ್ಲಿ ರಚಿತವಾದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಈಗ ಲೋಕದ ಅನೇಕ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ನಗು ಬಂದಿತೆ, ಕಾರಣವಿಲ್ಲದೆ ದಿಗಿಲಾಯಿತೆ, ನಿದ್ರೆ ಕೆಟ್ಟಿತೆ ಎಂಬಂಥ ಸಾದಾ ಪ್ರಶ್ನೆಗಳು. ಕೊನೆಯದು ಮಾತ್ರ, ತನಗೆ ತಾನೇ ಕೇಡು ಮಾಡಿಕೊಳ್ಳಬೇಕೆಂಬ ಯೋಚನೆ ಬಂದಿತೆ ಎಂಬುದು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂದು ಹಲವರು ಅಂಜುವರು. ಹಾಗಾಗುವುದಿಲ್ಲ, ಕೇಳಿದರೆ ಹೊರೆಯು ಇಳಿಯುತ್ತದೆಂಬುದೇ ಅನುಭವ. ಕೇಳದೆ ಇರುವುದರ ಬೆಲೆಯು ಬ್ರಿಟನ್ನಿನ ಲೆಕ್ಕದಲ್ಲಿ ಕಾಣುತ್ತದೆ: ಹೆರಿಗೆಯ ರಕ್ತಸ್ರಾವ, ಜ್ವರಗಳನ್ನು ಬಹುವಾಗಿ ಗೆದ್ದಿರುವ ಆ ದೇಶದಲ್ಲಿ, ಹೆರಿಗೆಯಾಗಿ ಆರು ವಾರಗಳಿಂದ ಒಂದು ವರ್ಷದೊಳಗಿನ ತಾಯಂದಿರ ಮರಣಕ್ಕೆ ಮುಂಚೂಣಿಯ ಕಾರಣ ಆತ್ಮಹತ್ಯೆ. ನೆರೆಯ ಕೇರಳದ ಪ್ರಸೂತಿತಜ್ಞರು ತಮ್ಮ ರಾಜ್ಯದ ತಾಯಂದಿರ ಮರಣಗಳನ್ನು ಒಂದೊಂದಾಗಿ ಪರಿಶೀಲಿಸತೊಡಗಿದಾಗಲೂ ಇದೇ ಕಾರಣವು ತಲೆಯೆತ್ತಿ ಕಂಡಿತು. ಆಶಾ ಕಾರ್ಯಕರ್ತೆಯ ಆರನೆಯ ಭೇಟಿ ಮುಗಿಯುವುದು ನಲವತ್ತೆರಡನೆಯ ದಿನ. ಈ ಸಾವುಗಳ ಕಾಲವು ಮೊದಲಾಗುವುದೂ ಅಲ್ಲಿಂದಲೇ.

ಆ ದಿನದ ಬಳಿಕ ಬಾಣಂತಿಯನ್ನು ಕಾಣುವವರು ಯಾರು? ಮನೆಯವರು, ಅಂಗನವಾಡಿಯ ಕಾರ್ಯಕರ್ತೆ, ಚುಚ್ಚು ಹಾಕುವ ದಾದಿ, ಮತ್ತು ಮಠ. ನಾಮಕರಣಕ್ಕೆಂದೂ, ಜಾತ್ರೆಗೆಂದೂ, ಅಮಾವಾಸ್ಯೆಯ ಪ್ರಸಾದಕ್ಕೆಂದೂ ಮಗುವನ್ನು ಎತ್ತಿಕೊಂಡು ತಾಯಿ ಮಠಕ್ಕೆ ಬರುತ್ತಾಳೆ. ಮಗುವಿನ ಹಣೆಗೆ ವಿಭೂತಿಯಿಟ್ಟು ಹರಸಿದ ಬಳಿಕ, ತಂಗಿ, ನಿನಗೆ ನಿದ್ರೆ ಬರುತ್ತದೆಯೆ, ಮನಸ್ಸು ನೆಟ್ಟಗಿದೆಯೆ ಎಂದು ಮಠದ ಹಿರಿಯ ತಾಯಂದಿರಲ್ಲಿ ಒಬ್ಬರು ಪಕ್ಕಕ್ಕೆ ಕರೆದು ಕೇಳಬಹುದು. ಆಕೆ ಕಣ್ಣೀರು ತಂದರೆ ಉಪದೇಶ ಬೇಡ. ಕುಳಿತು ಕೇಳಿದರೆ ಸಾಕು. ದೈವದ ಮೇಲೆ ಭಾರ ಹಾಕೆಂಬ ಒಳ್ಳೆಯ ಮಾತು ಕೂಡ ಆ ಹೊತ್ತಿನಲ್ಲಿ, ನಿನ್ನ ಭಕ್ತಿ ಸಾಲದೆಂಬ ದೂರಿನಂತೆ ಕೇಳಿಸುವುದುಂಟು. ಬಳಿಕ ಆಕೆಯ ಮನೆಯವರನ್ನು ಕರೆಯಿಸಿ, ಮಠದ ಹಿರಿಯರೇ ಹೇಳಿದರೆಂಬ ಧೈರ್ಯದ ಮೇಲೆ, ತಾಲ್ಲೂಕಿನ ಆಸ್ಪತ್ರೆಗೆ ಕಳುಹಿಸಬಹುದು. ಜಿಲ್ಲೆ ಜಿಲ್ಲೆಗಳಲ್ಲಿಯೂ ಸರಕಾರದ ಮನೋವೈದ್ಯರಿರುವರು. ಹೊರಡಲು ಅನುಕೂಲವಿಲ್ಲದವರಿಗಾಗಿ ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿಮಾನಸ್ ಎಂಬ ಸರಕಾರದ ದೂರವಾಣಿಯಿದೆ. ಅದರ ಸಂಖ್ಯೆ ೧೪೪೧೬. ಹಗಲೂ ಇರುಳೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರನ್ನು ಹೇಳಬೇಕೆಂಬ ಕಟ್ಟಳೆಯಿಲ್ಲ. ಈ ಸಂಖ್ಯೆಯನ್ನು ದಾಸೋಹದ ಮನೆಯ ಗೋಡೆಯ ಮೇಲೆ, ಹೆಂಗಸರು ಸಾಲಾಗಿ ಕುಳಿತುಕೊಳ್ಳುವ ಕಡೆ, ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದರೆ ಸುಣ್ಣಬಣ್ಣದ ಖರ್ಚಷ್ಟೇ ತಗಲುವುದು.